ಷಿಕಾಗೊದಿಂದ ಪಡುವಣ ಕಡಲಿನತ್ತ ರೈಲಿನಲ್ಲಿ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ನಮ್ಮ ಹಿರಿಯರು ಆ ದೇಶವನ್ನು ನೋಡುವುದು ಹೆಚ್ಚಾಗಿ ವಿಮಾನದ ಕಿಟಕಿಯಿಂದ, ಇಲ್ಲವೇ ಕಾರಿನ ಹಿಂದಿನ ಸೀಟಿನಿಂದ. ಎರಡು ರಾತ್ರಿ ಬಿಡುವು ಮಾಡಿಕೊಳ್ಳಬಲ್ಲವರು ಆಮ್‌ಟ್ರಾಕ್ ಸಂಸ್ಥೆಯ ಕ್ಯಾಲಿಫೋರ್ನಿಯಾ ಜೆಫರ್ ರೈಲನ್ನು ಒಮ್ಮೆಯಾದರೂ ಹತ್ತಬೇಕು. ಷಿಕಾಗೊದ ಯೂನಿಯನ್ ಸ್ಟೇಷನ್‌ನಿಂದ ಮಧ್ಯಾಹ್ನ ಹೊರಟು, ಮೂರನೆಯ ದಿನ ಸಂಜೆಯ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಎಮರಿವಿಲ್ ಸೇರುತ್ತದೆ. ಸುಮಾರು 3,900 ಕಿಲೋಮೀಟರ್, 50 ಗಂಟೆಗಳಿಗೂ ಮೀರಿದ ಪಯಣ. ನ್ಯೂಯಾರ್ಕ್‌ನಿಂದಲೇ ದೇಶ ದಾಟುವ ಆಸೆಯಿದ್ದರೆ, ಹಿಂದಿನ ದಿನ ಲೇಕ್ ಶೋರ್ ಲಿಮಿಟೆಡ್ ಹಿಡಿದು ಷಿಕಾಗೊಗೆ ಬರಬಹುದು.

ಮೊದಲ ದಿನ ಮೆಕ್ಕೆಜೋಳದ ಹೊಲಗಳ ಬಯಲು. ಮಿಸಿಸಿಪ್ಪಿ ನದಿಯನ್ನು ದಾಟುವುದನ್ನು ಮಾತ್ರ ತಪ್ಪದೆ ನೋಡಿ, ಆಮೇಲೆ ಬೇಗ ಮಲಗಿ. ಈ ರೈಲಿನ ಜೀವವೆಲ್ಲ ಎರಡನೆಯ ಹಗಲಿನಲ್ಲಿದೆ.

ಅಂದು ಬೆಳಿಗ್ಗೆ ಡೆನ್ವರ್ ಬರುತ್ತದೆ. ಅದು ಬಿಟ್ಟ ಸ್ವಲ್ಪ ಹೊತ್ತಿಗೆ ರೈಲು ರಾಕಿ ಪರ್ವತಗಳನ್ನು ಏರತೊಡಗುತ್ತದೆ. ಆ ಏರಿನ ಒಂದು ದೊಡ್ಡ ತಿರುವಿನಲ್ಲಿ ಹಳೆಯ ಗೂಡ್ಸ್ ಡಬ್ಬಿಗಳು ಸಾಲಾಗಿ ನಿಂತಿರುತ್ತವೆ. ಬೆಟ್ಟದಿಂದ ನುಗ್ಗುವ ಗಾಳಿ ರೈಲನ್ನೇ ಉರುಳಿಸದಿರಲೆಂದು ಅವುಗಳೊಳಗೆ ಮಣ್ಣು ತುಂಬಿ ಗೋಡೆಯ ಹಾಗೆ ನಿಲ್ಲಿಸಿದ್ದಾರೆ. ಮುಂದೆ ಸಾಲು ಸಾಲು ಸುರಂಗಗಳು, ಕೊನೆಗೆ ಸುಮಾರು 10 ಕಿಲೋಮೀಟರ್ ಉದ್ದದ ಮಾಫಟ್ ಸುರಂಗ. 1928ರಲ್ಲಿ ಸಂಚಾರಕ್ಕೆ ತೆರೆದ ಇದು ಸಮುದ್ರಮಟ್ಟದಿಂದ 2,800 ಮೀಟರ್ ಎತ್ತರದಲ್ಲಿದೆ. ಎಂಜಿನ್ನಿನ ಹೊಗೆ ಒಳಗೆ ಬಾರದಿರಲೆಂದು, ಸುರಂಗ ದಾಟುವವರೆಗೆ ಒಂದು ಬೋಗಿಯಿಂದ ಇನ್ನೊಂದಕ್ಕೆ ಓಡಾಡಬೇಡಿ ಎಂದು ಸಿಬ್ಬಂದಿ ಹೇಳುತ್ತಾರೆ. ಅದರ ಮೇಲಿನ ಶಿಖರಗಳ ಪೂರ್ವಕ್ಕೆ ಬಿದ್ದ ಮಳೆ ಅಟ್ಲಾಂಟಿಕ್ ಕಡೆಗೆ, ಪಶ್ಚಿಮಕ್ಕೆ ಬಿದ್ದದ್ದು ಪೆಸಿಫಿಕ್ ಕಡೆಗೆ ಹರಿಯುತ್ತದೆ.

ಸುರಂಗ ಕಳೆದು ಸ್ವಲ್ಪ ದೂರ ಹೋದರೆ ಕೊಲರಾಡೊ ನದಿ ಜೊತೆಯಾಗುತ್ತದೆ. ಸುಮಾರು 380 ಕಿಲೋಮೀಟರ್‌ವರೆಗೆ ಅದು ಸಂಗ ಬಿಡುವುದಿಲ್ಲ. ಗೋರ್ ಕಮರಿಯಲ್ಲಿ ರಸ್ತೆ ಕೂಡ ಇಲ್ಲ, ಇಕ್ಕಟ್ಟಿನ ಬಂಡೆಗಳ ನಡುವೆ ನದಿ ಮತ್ತು ಹಳಿ ಮಾತ್ರ. ಕಾರಿನಲ್ಲಿ ಹೋದವರಿಗೆ ಇದು ಸಿಕ್ಕುವ ನೋಟವೇ ಅಲ್ಲ. ಗ್ಲೆನ್‌ವುಡ್ ಕಮರಿಯಲ್ಲಿ ನದಿ ಬಲಗಡೆ ಇರುತ್ತದೆ. ಸಂಜೆಯ ಹೊತ್ತಿಗೆ ರೂಬಿ ಕಮರಿಯ ಕೆಂಪು ಮರಳುಗಲ್ಲಿನ ಗೋಡೆಗಳು. ಕೊಲರಾಡೊ ಮುಗಿದು ಯೂಟಾ ಶುರುವಾಗುವ ಗೆರೆಯನ್ನು ಅಲ್ಲಿ ಬಂಡೆಯ ಮೇಲೆಯೇ ಬರೆದಿದ್ದಾರೆ. ಚಳಿಗಾಲದಲ್ಲಿ ಇಷ್ಟರೊಳಗೆ ಕತ್ತಲಾಗಿರುತ್ತದೆ. ಆದ್ದರಿಂದ ನಾನು ಹೇಳುವುದು ಮೇ ಕೊನೆಯಿಂದ ಜೂನ್‌ವರೆಗಿನ ಕಾಲ: ಹಗಲು ದೀರ್ಘ, ಶಿಖರಗಳಲ್ಲಿ ಇನ್ನೂ ಹಿಮ, ಹೊಳೆಗಳೆಲ್ಲ ತುಂಬಿರುತ್ತವೆ. ಆಸ್ಪೆನ್ ಮರಗಳ ಎಲೆ ಹಳದಿಯಾಗುವುದನ್ನು ನೋಡಬೇಕೆಂದರೆ ಸೆಪ್ಟೆಂಬರ್ ಕೊನೆ.

ನೆವಾಡದ ಮರುಭೂಮಿಯ ಬಹುಪಾಲು ರಾತ್ರಿಯಲ್ಲೇ ಕಳೆಯುತ್ತದೆ. ಬೆಳಿಗ್ಗೆ ರೀನೊ, ಆಮೇಲೆ ಸಿಯೆರಾ ನೆವಾಡ. ಟ್ರಕೀ ಊರು ದಾಟಿದ ಮೇಲೆ ಬಲಗಡೆ ತುಂಬ ಕೆಳಗೆ ಡಾನರ್ ಸರೋವರ ಕಾಣುತ್ತದೆ. 1869ರಲ್ಲಿ ಪೂರ್ವ ಪಶ್ಚಿಮಗಳನ್ನು ಜೋಡಿಸಿದ ರೈಲುಮಾರ್ಗಕ್ಕಾಗಿ ಈ ಬೆಟ್ಟದ ಕಗ್ಗಲ್ಲನ್ನು ಕೈಯಾರೆ ಕೊರೆದವರು ಸಾವಿರಾರು ಚೀನೀ ಕಾರ್ಮಿಕರು. ಅವರನ್ನು ನೆನೆಯದೆ ಈ ದಾರಿಯಲ್ಲಿ ಹೋಗಬಾರದು.

ಇನ್ನು ಟಿಕೆಟ್ ವಿಷಯ. ಕೋಚ್ ಸೀಟು ಅಗಲವಾಗಿದೆ, ಕಾಲು ಚಾಚಬಹುದು. ಗಟ್ಟಿ ಮೈಯವರಿಗೆ ಸಾಕು, ಆದರೆ ಹೊದಿಕೆ ನೀವೇ ಒಯ್ಯಬೇಕು. ಅಪ್ಪ ಅಮ್ಮನನ್ನು ಕರೆದೊಯ್ಯುವಿರಾದರೆ ರೂಮೆಟ್ ತೆಗೆದುಕೊಳ್ಳಿ. ಎದುರುಬದುರು ಎರಡು ಸೀಟು ರಾತ್ರಿ ಹಾಸಿಗೆಯಾಗುತ್ತವೆ, ಮೇಲೊಂದು ಹಾಸಿಗೆ ಇಳಿಯುತ್ತದೆ, ಊಟ ದರದಲ್ಲೇ ಸೇರಿರುತ್ತದೆ. ಶೌಚಾಲಯ ಮಾತ್ರ ಹೊರಗೆ; ಅದು ಒಳಗೇ ಬೇಕೆಂದರೆ ಬೆಡ್‌ರೂಮ್, ದರವೂ ಬಹಳ ಹೆಚ್ಚು. ಬೋಗಿಗಳು ಎರಡು ಅಂತಸ್ತಿನವು, ಮೆಟ್ಟಿಲು ಕಿರಿದು. ಮಂಡಿ ನೋವಿರುವವರಿಗೆ ಕೆಳಅಂತಸ್ತಿನ ರೂಮೆಟ್ ಕೇಳಿ ಕಾದಿರಿಸಿ. ಊಟದ ಬೋಗಿಗೆ ಹೋಗುವ ದಾರಿ ಮೇಲಂತಸ್ತಿನಲ್ಲಿದೆ. ಹತ್ತಲಾಗದವರು ಹೇಳಿದರೆ ಸಿಬ್ಬಂದಿ ಕೋಣೆಗೇ ಊಟ ತಂದುಕೊಡುತ್ತಾರೆ. ಬೇಗ ಕೊಂಡಷ್ಟೂ ದರ ಸಾಮಾನ್ಯವಾಗಿ ಕಡಿಮೆ.

ಸಸ್ಯಾಹಾರಿಗಳಿಗೆ ತಿನಿಸು ಸಿಗುತ್ತದೆ, ಆಯ್ಕೆ ಕಡಿಮೆ. ಚಪಾತಿ, ಚಟ್ನಿಪುಡಿ, ಹುರಿದ ಅವಲಕ್ಕಿ ಕಟ್ಟಿಕೊಳ್ಳಿ. ನಿಮ್ಮ ಸೀಟಿನಲ್ಲಿ ಧಾರಾಳವಾಗಿ ತಿನ್ನಬಹುದು. ದೊಡ್ಡ ಗಾಜಿನ ಕಿಟಕಿಗಳ ಲೌಂಜ್ ಬೋಗಿಯಲ್ಲಿ ಯಾರು ಬೇಕಾದರೂ ಕೂರಬಹುದು. ಡೆನ್ವರ್ ಬಿಡುವ ಮೊದಲೇ ಅಲ್ಲಿ ಜಾಗ ಹಿಡಿಯಿರಿ, ಒಂದಷ್ಟು ಹೊತ್ತಾದ ಮೇಲೆ ಬೇರೆಯವರಿಗೆ ಬಿಟ್ಟುಕೊಡಿ. ಕಮರಿಗಳಲ್ಲಿ ಫೋನ್ ಸಿಗ್ನಲ್ ಹೋಗುತ್ತದೆ, ಮನೆಯವರಿಗೆ ಮೊದಲೇ ತಿಳಿಸಿಡಿ.

ಪೂರ್ತಿ ಪ್ರಯಾಣಕ್ಕೆ ಸಮಯವಿಲ್ಲವೇ? ಡೆನ್ವರ್‌ನಿಂದ ಗ್ಲೆನ್‌ವುಡ್ ಸ್ಪ್ರಿಂಗ್ಸ್‌ವರೆಗಾದರೂ ಹೋಗಿ. ಒಂದು ಹಗಲಿನ ದಾರಿ ಅದು, ಇಳಿದ ನಿಲ್ದಾಣದಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಬಿಸಿನೀರಿನ ಬುಗ್ಗೆಯ ದೊಡ್ಡ ಈಜುಕೊಳವಿದೆ.

ಹಳಿಗಳಲ್ಲಿ ಹೆಚ್ಚಿನವು ಗೂಡ್ಸ್ ರೈಲು ಕಂಪನಿಗಳವು. ಅವುಗಳ ಗಾಡಿಗಳಿಗಾಗಿ ಕಾಯುತ್ತ ಜೆಫರ್ ಗಂಟೆಗಟ್ಟಲೆ ತಡವಾಗುವುದುಂಟು. ಎಮರಿವಿಲ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಆಮ್‌ಟ್ರಾಕ್‌ನದೇ ಬಸ್ಸು ಕಾಯುತ್ತಿರುತ್ತದೆ, ಅದರ ಚಿಂತೆ ಬೇಡ. ಆದರೆ ಇಳಿದ ದಿನವೇ ವಿಮಾನ ಹತ್ತುವ ಯೋಜನೆ ಹಾಕಬೇಡಿ; ಅಂದಿನ ರಾತ್ರಿಗೆ ಊರಿನಲ್ಲೊಂದು ಕೋಣೆ ಹಿಡಿದಿಟ್ಟುಕೊಳ್ಳಿ.