ಜನತಾ ಪ್ರಜಾಪ್ರಭುತ್ವ ಎಂದರೇನು?

‘ಪ್ರಜಾಪ್ರಭುತ್ವ’ದಲ್ಲಿಯೇ ಪ್ರಜೆಗಳಿರುವಾಗ ‘ಜನತಾ’ ಎಂಬ ವಿಶೇಷಣವೇಕೆ? ಭೂಮಿ, ಬಂಡವಾಳಗಳು ಕೆಲವರ ವಶದಲ್ಲಿರುವಾಗ ಬಡವನ ಮತ ಹೆಸರಿಗೆ ಮಾತ್ರ ಎಂಬುದು ಕಮ್ಯೂನಿಸ್ಟರ ವಾದ. ಆದುದರಿಂದ ಕಾರ್ಮಿಕರ ನೇತೃತ್ವದಲ್ಲಿ ರೈತರೂ ಮಧ್ಯಮವರ್ಗದವರೂ ಕೂಡಿ ಆಳುವ, ಸಮಾಜವಾದಕ್ಕೆ ಮೆಟ್ಟಿಲಾಗುವ ವ್ಯವಸ್ಥೆಗೆ ಅವರು ಈ ಹೆಸರಿಟ್ಟರು. 1949ರಲ್ಲಿ ಮಾವೋ ಜಮೀನ್ದಾರರನ್ನು ಈ ‘ಜನತೆ’ಯಿಂದ ಹೊರಗಿಟ್ಟರು.

ಕಾಸರಗೋಡು ಸೀಮೆಯ ಕಯ್ಯೂರಿನ ರೈತ ಹೋರಾಟದಲ್ಲಿ ನಾಲ್ವರು 1943ರಲ್ಲಿ ಗಲ್ಲಿಗೇರಿದರು. ನಿರಂಜನರ ‘ಚಿರಸ್ಮರಣೆ’ಯ ವಸ್ತು ಇದೇ. ಆ ಸೀಮೆ ಸೇರಿದ ಕೇರಳದಲ್ಲಿ 1957ರಲ್ಲಿ ಕಮ್ಯೂನಿಸ್ಟರು ಮತಪೆಟ್ಟಿಗೆಯಿಂದಲೇ ಅಧಿಕಾರಕ್ಕೆ ಬಂದು, ಗೇಣಿದಾರರನ್ನು ಒಕ್ಕಲೆಬ್ಬಿಸುವುದನ್ನು ತಡೆದರು. 1959ರಲ್ಲಿ ಕೇಂದ್ರವು ಆ ಸರ್ಕಾರವನ್ನು ವಜಾ ಮಾಡಿತು. 1967ರಲ್ಲಿ ಮತದಾರರೇ ಅವರನ್ನು ಮರಳಿ ಕರೆತಂದರು.

ಪೂರ್ವ ಯುರೋಪಿನಲ್ಲಾದರೋ ಆಳುವವರನ್ನು ಇಳಿಸುವ ಮತ ಜನರಿಗಿರಲಿಲ್ಲ. 1989ರಲ್ಲಿ ಆ ವ್ಯವಸ್ಥೆಗಳೇ ಕುಸಿದವು. ‘ಜನತೆ’ ಯಾರೆಂದು ನಿರ್ಧರಿಸುವವರು ಯಾರು? ವಿದ್ಯಾರ್ಥಿಗಳು ವಿಚಾರ ಮಾಡಬೇಕಾದ ಪ್ರಶ್ನೆ ಇದು.