ತೂತು ಕೊರೆಸಲೋ, ಬೇಡವೋ?

ಪ್ರಶ್ನೆ: ನಮ್ಮ ನಾಲ್ಕಡಿ ತೊಟ್ಟಿಯಲ್ಲಿ ಎರಡು ಆಸ್ಕರ್ ಮೀನುಗಳಿವೆ. ಬೆರಳುದ್ದ ಇದ್ದಾಗ ತಂದದ್ದು, ಈಗ ಗೇಣುದ್ದ ಮೀರಿವೆ. ಅವಕ್ಕೆಂದೇ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ತೊಟ್ಟಿ ಮಾಡಲು ಕೊಟ್ಟಿದ್ದೇನೆ. ಅಂಗಡಿಯವರು ಕ್ಯಾನಿಸ್ಟರ್ ಫಿಲ್ಟರ್ ಸಾಕು ಅಂತಾರೆ. ಅಳಿಯ ಬೆಂಗಳೂರಿನಿಂದ ಫೋನ್ ಮಾಡಿ, ಸಂಪ್ ಬಿಟ್ಟು ಬೇರೆ ಮಾತೇ ಬೇಡ ಅಂತಾನೆ. ಮನೆಯವಳಿಗೆ ಗಳಗಳ ಸದ್ದು ಆಗದು. ಹೋದ ಬೇಸಿಗೆಯಲ್ಲಿ ನೀರು ಕನ್ನಡಿಯ ಹಾಗಿದ್ದರೂ ಮೂರನೆಯ ಆಸ್ಕರ್ ಸತ್ತುಹೋಯಿತು. ಎರಡು ದಿನ ಮೊದಲಷ್ಟೇ ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿದು ಫಳಫಳ ತೊಳೆದಿದ್ದೆ. ಇಡೀ ರಾಜ್ಯಕ್ಕೆ ಕರೆಂಟು ಕೊಡುವ ಊರು ನಮ್ಮದು, ಆದರೂ ಮಧ್ಯಾಹ್ನ ಮೂರು ತಾಸು ಹೋಗುವುದುಂಟು. ತಳದ ಗಾಜಿಗೆ ತೂತು ಕೊರೆಯಬೇಕೋ ಬೇಡವೋ, ಸೋಮವಾರದೊಳಗೆ ಹೇಳಿ ಅಂತಿದ್ದಾನೆ ಗಾಜಿನವನು. ಏನು ಹೇಳಲಿ?
– ನಿವೃತ್ತ ಮೇಷ್ಟ್ರು, ರಾಯಚೂರು

ಉತ್ತರ: ಕೊರೆಯಲು ಹೇಳಿ, ಆದರೆ ತಳಕ್ಕಲ್ಲ. ಹಿಂಬದಿಯ ಗಾಜಿನಲ್ಲಿ, ಮೇಲಂಚಿನ ಹತ್ತಿರ ಮೂರು ತೂತು. ಬೇಡ ಅನ್ನಿಸಿದರೆ ನಾಳೆ ಬಿರಡೆ ಹಾಕಿ ಮುಚ್ಚಬಹುದು. ನೀರು ತುಂಬಿ ಮೀನು ಬಿಟ್ಟ ಮೇಲೆ ಕೊರೆಯುತ್ತೇನೆಂದರೆ ಆಗದು. ತಳ ಯಾಕೆ ಬೇಡವೆಂದರೆ, ಅಲ್ಲಿನ ರಬ್ಬರ್ ವಾಷರ್ ಒಂದು ದಿನ ಸೋತರೆ ಇಡೀ ತೊಟ್ಟಿ ಹಾಲಿಗೆ ಇಳಿದು ಬರುತ್ತದೆ. ಮೇಲಿನ ತೂತು ಸೋರಿದರೆ ನಾಲ್ಕೈದು ಇಂಚು ನೀರಿನಲ್ಲಿ ಮುಗಿಯಿತು. ಪೈಪು ಹಾಯಲು ಗೋಡೆಗೂ ತೊಟ್ಟಿಗೂ ನಡುವೆ ಐದಿಂಚು ಜಾಗ ಬಿಡಿ. ಗಾಜು ಟಫನ್ಡ್ ಅಲ್ಲ ತಾನೇ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ. ಟಫನ್ಡ್ ಗಾಜಿಗೆ ಡ್ರಿಲ್ ಮುಟ್ಟಿಸಿದರೆ ಅದು ಸಕ್ಕರೆಯಂತೆ ಪುಡಿಯಾಗುತ್ತದೆ.

ತೂತು ಬೇಕಾಗುವುದು ಸಂಪಿಗೆ; ಅಂದರೆ ನಾನು ಅಳಿಯನ ಪಕ್ಷ. ಯಾಕೆಂದು ಹೇಳುವ ಮೊದಲು ಆ ಮೂರನೆಯ ಆಸ್ಕರ್ ವಿಷಯ ಮಾತಾಡೋಣ, ನಿಮ್ಮ ಪತ್ರದಲ್ಲಿ ನಿಜವಾಗಿ ನೋಯುತ್ತಿರುವುದು ಅದೇ ಅನ್ನಿಸಿತು. ಅದನ್ನು ಕೊಂದದ್ದು ಬೇಸಿಗೆಯಲ್ಲ, ನಲ್ಲಿ ಎಂದು ನನ್ನ ಗುಮಾನಿ. ಫಿಲ್ಟರ್ ಎಂದರೆ ಚಹಾ ಸೋಸುವ ಜಾಲರಿಯ ಚಿತ್ರವೇ ನಮ್ಮ ಕಣ್ಣಮುಂದೆ ಬರುತ್ತದೆ. ಕಸ ಹಿಡಿಯುವುದು ಅದರ ಚಿಕ್ಕ ಕೆಲಸ. ಮೀನು ಕಿವಿರಿನಿಂದ ಹಗಲಿರುಳು ಅಮೋನಿಯಾ ಬಿಡುತ್ತದೆ. ಅದು ವಿಷ, ಆದರೆ ಕಣ್ಣಿಗೆ ಕಾಣದು, ನೀರು ಕನ್ನಡಿಯಂತೆಯೇ ಇರುತ್ತದೆ. ಸ್ಪಂಜು, ಸೆರಾಮಿಕ್ ಉಂಗುರಗಳ ಮೇಲೆ ಲೋಳೆಯಾಗಿ ಕೂತ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಪಂಗಡ ಅದನ್ನು ಅಷ್ಟೇನೂ ಕೆಡುಕಲ್ಲದ ನೈಟ್ರೇಟ್ ಮಾಡುತ್ತದೆ. ಈ ಎರಡನೆಯ ಕೆಲಸ ನೈಟ್ರೋಬ್ಯಾಕ್ಟರಿನದು ಎಂದು ಬಹುಕಾಲ ನಂಬಿದ್ದರು. ಸಿಹಿನೀರಿನ ತೊಟ್ಟಿಗಳಲ್ಲಿ ಅದನ್ನು ಮಾಡುವುದು ನೈಟ್ರೋಸ್ಪೈರಾ ಎಂದು 1998ರ ಸುಮಾರಿಗೆ ಗೊತ್ತಾಯಿತು. (ಅಂಗಡಿಯ ಬ್ಯಾಕ್ಟೀರಿಯಾ ಬಾಟಲಿಯ ಮೇಲೆ ಯಾವ ಹೆಸರಿದೆ ಎಂದು ಓದಿಯೇ ದುಡ್ಡು ಕೊಡಿ.) ನೀವು ಕೊಳೆ ಎಂದು ತಿಕ್ಕಿ ತೊಳೆದದ್ದು ಈ ಲೋಳೆಯನ್ನು. ನಲ್ಲಿಯ ಕ್ಲೋರಿನ್ ಉಳಿದದ್ದನ್ನೂ ಮುಗಿಸಿರಬೇಕು. ಎರಡು ದಿನದಲ್ಲಿ ಅಮೋನಿಯಾ ಏರಿತು, ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಬೇಜಾರು ಮಾಡಿಕೊಳ್ಳಬೇಡಿ, ಈ ಹವ್ಯಾಸದಲ್ಲಿ ಒಮ್ಮೆಯೂ ಹಾಗೆ ತೊಳೆಯದವರನ್ನು ನಾನು ಕಂಡಿಲ್ಲ. ಮುಂದೆ ತೊಳೆಯುವುದಾದರೆ ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಅದ್ದಿ ಹಿಂಡಿ, ಅಷ್ಟೇ.

ಹೀಗಾಗಿ ಫಿಲ್ಟರ್ ಆರಿಸುವುದೆಂದರೆ ಈ ಜೀವಿಗಳಿಗೆ ಮನೆ ಹುಡುಕುವುದು. ಮನೆ ಹುಡುಕುವವರು ಕೇಳುವ ಪ್ರಶ್ನೆಯನ್ನೇ ಕೇಳಿ: ಕರೆಂಟು ಹೋದರೆ ಗತಿಯೇನು?

ಕ್ಯಾನಿಸ್ಟರ್ ಒಂದು ಮುಚ್ಚಿದ ಡಬ್ಬಿ. ಸದ್ದಿಲ್ಲ, ಒಳ್ಳೆಯ ಕೆಲಸಗಾರ. ಮಲಗುವ ಕೋಣೆಯ ಮೂರಡಿ ತೊಟ್ಟಿಗೆ, ನೀರುಗಿಡಗಳ ತೊಟ್ಟಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಹರಿವು ನಿಂತರೆ ಒಳಗಿನ ಬ್ಯಾಕ್ಟೀರಿಯಾಗಳು ಡಬ್ಬಿಯಲ್ಲಿರುವ ಅಷ್ಟಿಷ್ಟು ಆಮ್ಲಜನಕವನ್ನು ಮುಗಿಸಿ ಉಸಿರುಗಟ್ಟುತ್ತವೆ. ಮೂರು ತಾಸಾದ ಮೇಲೆ ಕರೆಂಟು ಬಂದಾಗ ಆ ಕೊಳೆತ ನೀರನ್ನು ಪಂಪು ನೇರ ಮೀನಿನ ಮುಖಕ್ಕೆ ಉಗುಳುತ್ತದೆ. ಡಬ್ಬಿ ಬಿಚ್ಚಿ, ನೀರು ಚೆಲ್ಲಿ, ಮತ್ತೆ ಜೋಡಿಸಿದರೆ ಅಪಾಯವಿಲ್ಲ, ನಿಜ. ಏಪ್ರಿಲ್ ಮಧ್ಯಾಹ್ನ ವಾರಕ್ಕೆ ನಾಲ್ಕು ಸಲ ಅದನ್ನು ಮಾಡುತ್ತೀರಾ? ಜೊತೆಗೆ ಆಸ್ಕರ್ ಎಂದರೆ ಹೊಟ್ಟೆಬಾಕ. ಅದು ತಿಂದುಗಿದ ಚೂರುಗಳಿಗೆ ಡಬ್ಬಿಯ ಸ್ಪಂಜು ಬೇಗ ಕಟ್ಟಿಕೊಳ್ಳುತ್ತದೆ. ಬಿಚ್ಚುವುದು ರಗಳೆಯೆಂದು ನಾವು ಮುಂದೂಡುತ್ತ ಹೋಗುತ್ತೇವೆ.

ಸಂಪ್ ತೊಟ್ಟಿಯ ಕೆಳಗಿಡುವ ಇನ್ನೊಂದು ತೆರೆದ ತೊಟ್ಟಿ. ಮನೆ ಮುಂದಿನ ನೀರಿನ ಸಂಪಿಗೂ ಇದಕ್ಕೂ ಹೆಸರಷ್ಟೇ ಸಂಬಂಧ. ಮೇಲಿನ ನೀರು ತಾನೇ ಉಕ್ಕಿ ಪೈಪಿನಲ್ಲಿ ಇಳಿಯುತ್ತದೆ. ಮೊದಲು ಹತ್ತಿಯಂಥ ಫ್ಲಾಸ್, ಆಮೇಲೆ ಸ್ಪಂಜು, ಆಮೇಲೆ ಸೆರಾಮಿಕ್ ಉಂಗುರಗಳನ್ನು ದಾಟಿ ಕೊನೆಯ ಖಾನೆಗೆ ಬರುತ್ತದೆ. ಪಂಪು ಅಲ್ಲಿಂದ ಮೇಲಕ್ಕೆ ಎತ್ತುತ್ತದೆ. ತೆರೆದಿರುವುದರಿಂದ ಕರೆಂಟು ಹೋದರೂ ಬ್ಯಾಕ್ಟೀರಿಯಾ ಇಲ್ಲಿ ಹೆಚ್ಚು ಹೊತ್ತು ತಾಳುತ್ತದೆ. ಫ್ಲಾಸ್ ತೆಗೆದು ಹೊಸದು ಹಾಕಲು ಎರಡು ನಿಮಿಷ, ಬಗ್ಗಬೇಕು ಅಷ್ಟೇ. ನಿಮ್ಮ ಊರಿಗೆ ಇನ್ನೊಂದು ಲಾಭವೂ ಇದೆ: ಸಂಪಿನ ಮೇಲೆ ಚಿಕ್ಕ ಫ್ಯಾನ್ ತಿರುಗಿಸಿದರೆ ಮಡಕೆಯ ನೀರು ತಣಿಯುವ ಲೆಕ್ಕದಲ್ಲೇ ತೊಟ್ಟಿ ಒಂದೆರಡು ಡಿಗ್ರಿ ತಣಿಯುತ್ತದೆ. ಆರಿಹೋದಷ್ಟು ನೀರನ್ನು ಬೋರ್‌ವೆಲ್ ನೀರಿನಿಂದ ತುಂಬಬೇಡಿ, ಲವಣ ಕೂಡುತ್ತ ಹೋಗುತ್ತದೆ. ಅದಕ್ಕೆ ಆರ್‌ಓ ನೀರು.

ಸಂಪಿನ ಅಪಾಯವೂ ಕರೆಂಟು ಹೋದಾಗಲೇ. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಒಂದು ಮದುವೆ ಮುಗಿಸಿ ಬಂದು ಬಾಗಿಲು ತೆಗೆದರೆ ಹಾಲಿನಲ್ಲಿ ಚಪ್ಪಲಿಗಳು ತೇಲುತ್ತಿದ್ದವು. ಪಂಪು ನಿಂತ ಕೂಡಲೇ ಮೇಲೆತ್ತುವ ಪೈಪು ಹಿಮ್ಮುಖವಾಗಿ ನೀರು ಹೀರಿ ಕೆಳಗೆ ಸುರಿದಿತ್ತು, ಪೈಪಿನ ಬಾಯಿ ಮುಳುಗಿದ್ದಷ್ಟು ಹೊತ್ತೂ. ನಿಮ್ಮ ತೊಟ್ಟಿಯ ಮೇಲ್ಮೈ ಹನ್ನೆರಡು ಚದರಡಿ. ಒಂದಿಂಚು ಇಳಿದರೆ ಸರಿಯಾಗಿ ಒಂದು ಘನ ಅಡಿ, ಅಂದರೆ 28 ಲೀಟರ್. ನನ್ನ ಪೈಪಿನ ಬಾಯಿ ಏಳಿಂಚು ಒಳಗಿತ್ತು! ಬಾಯಿಯನ್ನು ನೀರಿನಿಂದ ಒಂದಿಂಚಷ್ಟೇ ಕೆಳಗಿಡಿ, ನೀರಿನ ಮಟ್ಟದ ತುಸು ಕೆಳಗೆ ಪೈಪಿಗೆ ಕಡಲೆಕಾಳಿನಷ್ಟು ತೂತು ಮಾಡಿ. ಮಟ್ಟ ಇಳಿದು ಗಾಳಿ ನುಗ್ಗಿದರೆ ಹೀರುವುದು ನಿಲ್ಲುತ್ತದೆ. ಪಾಚಿ ಕಟ್ಟದಂತೆ ಅದನ್ನು ಆಗಾಗ ಚುಚ್ಚುತ್ತಿರಿ. ಸ್ಟ್ಯಾಂಡಿನ ಕೆಳಗೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ಸಂಪ್ ಹಿಡಿಸುತ್ತದೆ; ಅದು 250 ಲೀಟರ್ ಚಿಲ್ಲರೆ. ಅರ್ಧ ತುಂಬಿಸಿ ಓಡಿಸಿದರೆ ಇಳಿದು ಬರುವ ನೀರಿಗೆ ಧಾರಾಳ ಜಾಗ. ಮೀನು ಬಿಡುವ ಮುನ್ನ ನೀವೇ ಸ್ವಿಚ್ ಆರಿಸಿ ನೋಡಿ, ಹತ್ತು ಸಲ.

ಪಂಪಿನ ವಿಷಯದಲ್ಲಿ ಡಬ್ಬಿಯ ಮೇಲಿನ ಅಂಕಿಯನ್ನು ನಂಬಬೇಡಿ. ನಿಮ್ಮ ತೊಟ್ಟಿ 680 ಲೀಟರ್. ಮೇಲೆ ಬಿಡುವ ಜಾಗ, ಜಲ್ಲಿಕಲ್ಲು ಕಳೆದರೆ 600 ಎನ್ನಿ. ಗಂಟೆಗೆ ಅದರ ಐದು ಪಟ್ಟು, 3000 ಲೀಟರ್, ಆಸ್ಕರ್‌ಗೆ ಸಾಕು. ಆದರೆ ಡಬ್ಬಿಯ ಅಂಕಿ ನೀರನ್ನು ಒಂದಿಷ್ಟೂ ಎತ್ತದಿರುವಾಗಿನದು. ಐದಡಿ ಎತ್ತಬೇಕಾದಾಗ ಅದು ಅರ್ಧಕ್ಕೆ ಇಳಿದರೂ ಅಚ್ಚರಿಯಿಲ್ಲ. ಪೈಪು ಜೋಡಿಸಿ, ಮೇಲಿನ ತುದಿಗೆ 20 ಲೀಟರಿನ ಬಕೆಟ್ ಹಿಡಿಯಿರಿ. 24 ಸೆಕೆಂಡಿನಲ್ಲಿ ತುಂಬಿದರೆ 3000. ಇಂಥ ಪಂಪು 45 ವ್ಯಾಟ್ ಎಳೆದರೂ ದಿನವಿಡೀ ಓಡಿ ತಿಂಗಳಿಗೆ 32 ಯೂನಿಟ್ ತಿನ್ನುತ್ತದೆ. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ಮಿತಿಯ ಅಂಚಿನಲ್ಲಿದ್ದರೆ, ತುಸು ದುಬಾರಿಯಾದರೂ ಕಡಿಮೆ ಕರೆಂಟು ತಿನ್ನುವ ಡಿಸಿ ಪಂಪು ನೋಡಿ.

ಕರೆಂಟು ಹೋದ ಆ ಮೂರು ತಾಸಿಗೆ, ಇನ್ವರ್ಟರ್‌ಗೆ ದೊಡ್ಡ ಪಂಪು ಜೋಡಿಸುವ ಅಗತ್ಯವಿಲ್ಲ. ಐದು ವ್ಯಾಟಿನ ಗಾಳಿ ಪಂಪು, ಅದಕ್ಕೊಂದು ಸ್ಪಂಜ್ ಫಿಲ್ಟರ್ ಸಾಕು. ಕೆಲವು ನೂರು ರೂಪಾಯಿಯ ಈ ಸ್ಪಂಜು ದಿನವೂ ತೊಟ್ಟಿಯಲ್ಲೇ ಗುಳುಗುಳು ಅನ್ನುತ್ತಿರಲಿ. ಗಾಳಿ ಪಂಪನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ತೂಗುಹಾಕಿ, ಇಲ್ಲದಿದ್ದರೆ ಅದೂ ಹಿಮ್ಮುಖವಾಗಿ ನೀರು ಕುಡಿಯುತ್ತದೆ. ವೈರುಗಳು ಸಾಕೆಟ್ಟಿಗಿಂತ ಕೆಳಗೆ ಬಳುಕಿ ಮೇಲೇರಲಿ, ಕರೆಂಟು ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ ಮನೆಯಲ್ಲಿದೆಯೇ ನೋಡಿಸಿ.

ಈ ಯಾವ ಫಿಲ್ಟರೂ ನೈಟ್ರೇಟನ್ನು ಹೊರಹಾಕದು. ವಾರಕ್ಕೆ 150 ಲೀಟರ್ ಬದಲಿಸಲೇಬೇಕು. ತೆಂಗಿನ ಬುಡಕ್ಕೆ ಹಾಕಿ, ಒಳ್ಳೆಯ ಗೊಬ್ಬರ. ಸುತ್ತ ಹೊಲಗಳಿದ್ದರೆ ಬೋರ್‌ವೆಲ್ ನೀರಿನಲ್ಲೇ ನೈಟ್ರೇಟ್ ಇರಬಹುದು, ಒಮ್ಮೆ ಪರೀಕ್ಷಿಸಿಕೊಳ್ಳಿ. ಕಾರ್ಬನ್, ಯುವಿ ದೀಪ ಇವೆಲ್ಲ ಈಗ ಬೇಡ. ಹಳೆಯ ತೊಟ್ಟಿಯ ಫಿಲ್ಟರನ್ನು, ತೊಳೆಯದೆ, ಹೊಸದರಲ್ಲಿ ಆರು ವಾರ ಓಡಿಸಿ. ಹೊಸ ಉಂಗುರಗಳಿಗೆ ಬೀಜ ಬಿದ್ದ ಹಾಗೆ. ಇನ್ನು ತೂಕ: ನೀರು, ಗಾಜು, ಕಲ್ಲು, ಸ್ಟ್ಯಾಂಡು, ಸಂಪ್ ಸೇರಿ ಒಂದು ಟನ್ ಹತ್ತಿರ. ನೆಲಮಹಡಿಯಾದರೆ ಚಿಂತೆಯಿಲ್ಲ. ಮಹಡಿಯ ಮೇಲಾದರೆ ಎಂಜಿನಿಯರ್ ಒಬ್ಬರನ್ನು ಕೇಳದೆ ಇಡಬೇಡಿ.

ಉಳಿದದ್ದು ಮನೆಯವರ ತಕರಾರು. ಗಳಗಳ ಎನ್ನುವುದು ನೀರಿನ ಜೊತೆ ಗಾಳಿಯೂ ಪೈಪಿಗೆ ಇಳಿದಾಗ. ಮೂರು ತೂತು ಹೇಳಿದ್ದು ಅದಕ್ಕೇ: ಒಂದು ಪಂಪಿನಿಂದ ಬರುವ ನೀರಿಗೆ, ಇನ್ನೊಂದು ಇಳಿಯುವ ನೀರಿಗೆ, ಮೂರನೆಯದು ಎರಡನೆಯದು ಕಟ್ಟಿಕೊಂಡರೆ ಆಪತ್ತಿಗೆ. ಇಳಿಯುವ ಪೈಪಿಗೆ ಗೇಟ್ ವಾಲ್ವ್ ಹಾಕಿಸಿ, ಪೈಪು ಪೂರ್ತಿ ನೀರಿನಿಂದ ತುಂಬಿ ಹರಿಯುವವರೆಗೆ ಕೂದಲೆಳೆಯಷ್ಟೇ ತಿರುಗಿಸುತ್ತ ಬನ್ನಿ. ಒಂದು ಹಂತದಲ್ಲಿ ಸದ್ದು ತಟ್ಟನೆ ನಿಲ್ಲುತ್ತದೆ. ಹದ ಸಿಗಲು ನಾಲ್ಕೈದು ದಿನ ಬೇಕಾಗಬಹುದು. ಅಲ್ಲಿಯವರೆಗೆ ಗಲಾಟೆ ಇದ್ದದ್ದೇ ಎಂದು ಅವರಿಗೆ ಈಗಲೇ ಹೇಳಿಬಿಡಿ, ಸೋಮವಾರ ಗಾಜಿನವನಿಗೆ ಹೇಳುವ ಮೊದಲು.