ಬಳಸಿದ ಸ್ಕಿಡ್ ಸ್ಟೀರ್ ಲೋಡರ್ ಖರೀದಿ ಮತ್ತು ಬಕೆಟ್ ಆಯ್ಕೆ: ಗ್ರಾಮ ಪಂಚಾಯತಿ ಸದಸ್ಯರಿಗೆ ಅಧ್ಯಯನ ಪಾಠ



ಕಲಬುರಗಿ ನಗರದ ಸಮೀಪದ ನಂದೂರದಂತಹ ಗ್ರಾಮಗಳ ಓಣಿಗಳಲ್ಲಿ ಕಸ, ಚರಂಡಿ ಹೂಳು ಮತ್ತು ಮುರುಮು ಎತ್ತಲು ದೊಡ್ಡ ಜೆಸಿಬಿ ಹೊಗುವುದು ಕಷ್ಟ. ಅಂತಹ ಕಡೆ ಜನರು ‘ಬಾಬ್‌ಕ್ಯಾಟ್’ ಎಂದು ಕರೆಯುವ ಚಿಕ್ಕ ಲೋಡರ್ ಉಪಯುಕ್ತ. ಬಳಸಿದ ಯಂತ್ರವನ್ನು ಕೊಳ್ಳುವ ಪ್ರಸ್ತಾವ ಸಭೆಯ ಮುಂದೆ ಬಂದಾಗ ಸದಸ್ಯರು ಪರಿಶೀಲಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ಯಂತ್ರದ ಸ್ವಭಾವ

ಇದರ ಚಕ್ರಗಳು ಟ್ರ್ಯಾಕ್ಟರಿನ ಮುಂಗಾಲಿಗಳಂತೆ ಹೊರಳುವುದಿಲ್ಲ. ಎಡಬಲ ಚಕ್ರಗಳ ವೇಗದಲ್ಲಿ ವ್ಯತ್ಯಾಸ ಮಾಡಿದಾಗ ಯಂತ್ರವು ಜಾರುತ್ತ, ನಿಂತಲ್ಲಿಯೇ ತಿರುಗುತ್ತದೆ. ಇಕ್ಕಟ್ಟಾದ ಓಣಿಗೆ ಇದು ಅನುಕೂಲ. ಆದರೆ ಟೈರುಗಳು ಬೇಗ ಸವೆಯುತ್ತವೆ. ಶಹಾಬಾದ್ ಫರ್ಸಿ ಹಾಸಿದ ನೆಲ ಕದಲುತ್ತದೆ. ಮಳೆಗಾಲದ ಎರೆಮಣ್ಣಿನಲ್ಲಿ ಚಕ್ರ ಹೂತುಕೊಳ್ಳುತ್ತದೆ. ಈ ಲೋಡರಿನ ಬಕೆಟ್ ಕಿರಿದಾದ ಚರಂಡಿಯೊಳಗೆ ಇಳಿಯದು. ದಡದಲ್ಲಿ ರಾಶಿಯಾದ ಹೂಳನ್ನು ಮಾತ್ರ ಎತ್ತಬಲ್ಲದು ಎಂಬುದನ್ನೂ ಗಮನಿಸತಕ್ಕದ್ದು.

2. ಕೊಳ್ಳುವ ಮುನ್ನ ಪರೀಕ್ಷೆ

ಅ) ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ದೋಷವನ್ನು ಮರೆಮಾಚುತ್ತದೆ.
ಆ) ಗಂಟೆಮಾಪಕವನ್ನೊಂದೇ ನಂಬಬಾರದು. ಮಾಪಕದಲ್ಲಿ ಕಡಿಮೆ ಗಂಟೆಗಳಿದ್ದು ಪೆಡಲ್, ಆಸನ ಮತ್ತು ತೋಳಿನ ಪಿನ್ನುಗಳು ಅತಿಯಾಗಿ ಸವೆದಿದ್ದರೆ ಸಂಶಯ ಸಹಜ.
ಇ) ಸಮನೆಲದಲ್ಲಿ ನೇರ ಓಡಿಸಿದಾಗ ಯಂತ್ರ ಒಂದೇ ಬದಿಗೆ ಎಳೆದರೆ ಡ್ರೈವ್ ಪಂಪ್, ಮೋಟಾರ್ ಅಥವಾ ಟೈರಿನಲ್ಲಿ ದೋಷವಿರಬಹುದು. ಈ ದುರಸ್ತಿ ದುಬಾರಿ.
ಈ) ತೋಳುಗಳ ಬೆಸುಗೆಯಲ್ಲಿ ಬಿರುಕು, ಹೋಸುಗಳಲ್ಲಿ ಎಣ್ಣೆ ಸೋರಿಕೆ ನೋಡಬೇಕು.
ಉ) ಆಸನದ ಸುರಕ್ಷಾ ಪಟ್ಟಿ ಎತ್ತಿದಾಗ ತೋಳು ಚಲಿಸಬಾರದು. ತಂತಿ ಜೋಡಿಸಿ ಈ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸಿದ ಯಂತ್ರವನ್ನು ಬೆಲೆ ಎಷ್ಟೇ ಕಡಿಮೆಯಿದ್ದರೂ ಕೊಳ್ಳಬಾರದು. ಇದು ಚಾಲಕನ ಪ್ರಾಣದ ಪ್ರಶ್ನೆ.

3. ಬಕೆಟ್ ಆಯ್ಕೆ

ದೊಡ್ಡ ಬಕೆಟ್ ಹೆಚ್ಚು ಕೆಲಸ ಮಾಡುತ್ತದೆಂಬುದು ತಪ್ಪು ತಿಳಿವಳಿಕೆ. ಚಕ್ರದ ಲೋಡರಿನ ನಿಗದಿತ ಹೊರೆಯು ಅದು ಮುಗ್ಗರಿಸುವ ಭಾರದ ಅರ್ಧದಷ್ಟು ಮಾತ್ರ. ಉದಾಹರಣೆಗೆ, ನಿಗದಿತ ಹೊರೆ 700 ಕೆ.ಜಿ. ಎಂದಿರಲಿ. ಹಸಿ ಹೂಳು ಘನ ಮೀಟರಿಗೆ ಸುಮಾರು 1,600 ಕೆ.ಜಿ. ತೂಗುತ್ತದೆ ಎಂದಿಟ್ಟುಕೊಂಡರೆ, 0.4 ಘನ ಮೀಟರಿನ ಬಕೆಟ್ ತುಂಬಿದಾಗ 640 ಕೆ.ಜಿ.; 0.6 ಘನ ಮೀಟರಿನದು 960 ಕೆ.ಜಿ. ಎರಡನೆಯದು ಮಿತಿ ಮೀರಿತು. ಘನ ಮೀಟರಿಗೆ 300 ಕೆ.ಜಿ. ತೂಗುವ ಒಣ ಕಸವಾದರೆ ಅದೇ ದೊಡ್ಡ ಬಕೆಟಿನಲ್ಲಿ 180 ಕೆ.ಜಿ. ಮಾತ್ರ. ಬೇರೆ ಬಕೆಟ್ ಮೂಲ ಬಕೆಟಿಗಿಂತ 80 ಕೆ.ಜಿ. ಭಾರವಿದ್ದರೆ ಉಳಿಯುವ ಹೊರೆ 620 ಕೆ.ಜಿ.; ಆಗ 0.4ರ ಬಕೆಟಿನಲ್ಲಿಯೂ ಹಸಿ ಹೂಳನ್ನು ತುಂಬಾ ತುಂಬುವಂತಿಲ್ಲ.

ಬಕೆಟಿನ ಅಗಲ ಎರಡೂ ಬದಿಯ ಟೈರುಗಳ ಹೊರ ಅಂಚಿಗಿಂತ ಕಡಿಮೆಯಿರಬಾರದು. ಇಲ್ಲವಾದರೆ ಚಕ್ರ ರಾಶಿಯ ಮೇಲೇರುತ್ತದೆ. ಓಣಿಯ ಅಗಲವನ್ನೂ ಮೊದಲೇ ಅಳೆಯಬೇಕು. ಗಟ್ಟಿ ಮುರುಮಿಗೆ ಹಲ್ಲಿನ ಬಕೆಟ್, ಸಿ.ಸಿ. ರಸ್ತೆ ಮತ್ತು ಫರ್ಸಿಗೆ ನೇರ ಅಂಚಿನ ಬಕೆಟ್ ಯೋಗ್ಯ. ಒಂದೇ ಬಕೆಟ್ ಸಾಧ್ಯವಿದ್ದರೆ, ಅತಿ ಭಾರದ ವಸ್ತುವಿಗೆ ಹೊಂದುವುದನ್ನೇ ಆರಿಸುವುದು ಸುರಕ್ಷಿತ.

4. ಕಾಗದಪತ್ರ ಮತ್ತು ಕಾನೂನು

ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ದಾಖಲೆಯೊಂದಿಗೆ ತಾಳೆಯಾಗಬೇಕು. ಸಾಲದ ಬಾಕಿಯಿಲ್ಲವೆಂಬ ಪತ್ರ, ನೋಂದಣಿ ಮತ್ತು ವಿಮೆ ಪರಿಶೀಲಿಸಬೇಕು. ಖರೀದಿಯು ಸಭೆಯ ನಿರ್ಣಯ ಹಾಗೂ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಒಳಪಟ್ಟಿರತಕ್ಕದ್ದು. ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಕೂಲಿಕಾರರ ಕೆಲಸ ಕಸಿಯಲು ಈ ಯಂತ್ರವನ್ನು ಬಳಸಬಾರದು.

5. ಸಭೆಯಲ್ಲಿ ಚರ್ಚಿಸಲು

ತಿಂಗಳಿಗೆ ಎಷ್ಟು ಗಂಟೆಗಳ ಕೆಲಸವಿದೆ? ಬಾಡಿಗೆಗೆ ಪಡೆದರೆ ಎಷ್ಟು ವೆಚ್ಚ? ತರಬೇತಿ ಪಡೆದ ಚಾಲಕ, ಡೀಸೆಲ್, ಟೈರು ಮತ್ತು ದುರಸ್ತಿಗೆ ಹಣ ಎಲ್ಲಿಂದ? ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ದೊರೆತ ನಂತರವೇ ನಿರ್ಣಯ ಕೈಗೊಳ್ಳುವುದು ಉಚಿತ. ಪಂಚಾಯತಿ ಅಂಗಳದಲ್ಲಿ ತುಕ್ಕು ಹಿಡಿದು ನಿಲ್ಲುವ ಯಂತ್ರವು ಗ್ರಾಮಸ್ಥರ ತೆರಿಗೆ ಹಣವೇ ಆಗಿದೆ.